ಮದ್ದು ಕೊಟ್ಟು ಮೂತ್ರ ಅಳೆದರೆ

ಪಾದರಸದ ನಂಜನ್ನು ಅಳೆಯುವುದು ಮೂತ್ರದಲ್ಲಿ ಮತ್ತು ರಕ್ತದಲ್ಲಿ. ಪರೀಕ್ಷೆಗೆ ಮೊದಲೇ ಲೋಹ ಹೊರಹಾಕುವ ಮದ್ದು ನುಂಗಿಸಿದರೆ ‘ಅಡಗಿ ಕೂತ’ ಪಾದರಸ ಬಯಲಾಗುತ್ತದೆ ಎಂಬುದು ಶುದ್ಧ ತಪ್ಪು. ಡಿಟಾಕ್ಸ್ ಅಂಗಡಿಗಳು ಬದುಕಿರುವುದು ಈ ನಂಬಿಕೆಯ ಮೇಲೆಯೇ.

ಮೀನು ತಿನ್ನುವವರಿರಲಿ, ಹುಳುಕು ಹಲ್ಲಿಗೆ ಪಾದರಸ ಬೆರೆತ ಅಮಾಲ್ಗಂ ತುಂಬಿಸಿಕೊಂಡವರಿರಲಿ, ಮೈಯಲ್ಲಿ ಒಂದಿಷ್ಟು ಪಾದರಸ ಇದ್ದೇ ಇರುತ್ತದೆ. ಡಿಎಂಎಸ್‌ಎ, ಡಿಎಂಪಿಎಸ್‌ನಂಥ ಕೀಲೇಷನ್ ಮದ್ದಿನಲ್ಲಿರುವ ಗಂಧಕ ಅದನ್ನು ಹಿಡಿದು ಮೂತ್ರಕ್ಕೆ ಎಳೆದು ತರುತ್ತದೆ. ಗಟ್ಟಿಮುಟ್ಟಾಗಿರುವವರಲ್ಲೂ ಅಂಕಿ ಏರುತ್ತದೆ. ಮದ್ದಿಲ್ಲದೆ ಅಳೆದಾಗ ಲೀಟರಿಗೆ 20 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯ. ಮದ್ದು ಕೊಟ್ಟ ಮೇಲಿನ ಮೂತ್ರಕ್ಕೆ ಒಪ್ಪಿತ ಮಿತಿಯೇ ಇಲ್ಲ. ಆದರೂ ವರದಿಯಲ್ಲಿ ಅದೇ ಹಳೆಯ ಮಿತಿಯ ಪಕ್ಕ ಹೊಸ ಅಂಕಿಯನ್ನಿಟ್ಟು ಗೆರೆಯನ್ನು ಕೆಂಪು ಪಟ್ಟಿಗೆ ಮುಟ್ಟಿಸಿರುತ್ತಾರೆ. ಮಿತಿ ಮದ್ದು ಕೊಡದವರದ್ದು ಎಂಬ ಮಾತು ಕೆಳಗೆ ಸಣ್ಣಕ್ಷರದಲ್ಲಿ. ತುಂಬಿದ ಕೊಡ ಅಲ್ಲಾಡಿಸಿ, ತುಳುಕಿದ ನೀರು ತೋರಿಸಿ, ಕೊಡ ತೂತು ಎಂದ ಹಾಗೆ. ಇಲ್ಲದ ಕಾಯಿಲೆ ನಾಲ್ಕಾರು ಸರದಿ ಮದ್ದಿಗೆ ‘ಗುಣವೂ’ ಆಗುತ್ತದೆ. ಇಂಥ ಮದ್ದು ಜೀವ ತೆಗೆದದ್ದೂ ಇದೆ: 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕನಿಗೆ ಕೀಲೇಷನ್ ಹೆಸರಲ್ಲಿ ಇಡಿಟಿಎ ಕೊಟ್ಟಾಗ ರಕ್ತದ ಕ್ಯಾಲ್ಸಿಯಂ ಕುಸಿದು ಪ್ರಾಣ ಹೋಯಿತು.

ನಿಜವಾದ ಚಿಕಿತ್ಸೆಯಲ್ಲಿ ಮೊದಲ ಕೆಲಸ ರೋಗಿಯನ್ನು ಪಾದರಸದಿಂದ ದೂರ ತರುವುದು. ಮದ್ದಿಗೆ ಮುಂಚೆಯೇ ಮಾದರಿ ತೆಗೆಯಬೇಕು: ಪಾದರಸದ ಆವಿ ಉಸಿರಾಡಿದ ಅಕ್ಕಸಾಲಿಗನಿಗೆ 24 ಗಂಟೆಯ ಮೂತ್ರ, ಮೀನಿನ ಮೀಥೈಲ್ ಪಾದರಸಕ್ಕೆ ರಕ್ತ, ಮೀಥೈಲ್ ಪಾದರಸ ಹೆಚ್ಚಾಗಿ ಮಲದಲ್ಲಿ ಹೋಗುವುದರಿಂದ ಮೂತ್ರ ಅದರ ಸುಳಿವೇ ಕೊಡದು. ಮದ್ದು ನಡೆಯುವಾಗ ಬಿಳಿ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಮೇಲೆ ಕಣ್ಣಿಡಬೇಕು. ಹಳೆಯ ಬಿಎಎಲ್ ಚುಚ್ಚುಮದ್ದು ಮೀಥೈಲ್ ಪಾದರಸವನ್ನು ಮಿದುಳಿಗೇ ಸಾಗಿಸಬಹುದು. ಆ ನಂಜಿಗೆ ಬಿಎಎಲ್ ಸಲ್ಲದು.

ಥರ್ಮಾಮೀಟರ್ ಒಡೆದು ನುಂಗಿದ ಪಾದರಸ ಕೊಲ್ಲುತ್ತದೆ ಎಂಬುದೂ ಸುಳ್ಳು; ಅದು ಬಹುಪಾಲು ಹಾಗೇ ಮಲದಲ್ಲಿ ಹೋಗುತ್ತದೆ, ಅಪಾಯವಿರುವುದು ನೆಲಕ್ಕೆ ಚೆಲ್ಲಿದ್ದರ ಆವಿಯಲ್ಲಿ. ಕೊತ್ತಂಬರಿ ಸೊಪ್ಪಿನ ರಸ ಪಾದರಸ ತೆಗೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಸೊಪ್ಪು ಸಾರಿಗೇ ಇರಲಿ.

ಅಂಕಿ ಇಳಿದರೆ ರೋಗಿ ಉಳಿದಂತೆ ಎಂಬುದು ಕೊನೆಯ ಭ್ರಮೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕರೆನ್ ವೆಟರ್‌ಹಾನ್ ಅವರ ಕೈಗವಸಿನ ಮೇಲೆ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಪಾದರಸದ ಕೆಲವೇ ಹನಿ ಬಿದ್ದಿತ್ತು. ನಡಿಗೆ, ಮಾತು ತಡವರಿಸಿದ್ದು ತಿಂಗಳುಗಳ ನಂತರ. ಮದ್ದು ಮೂತ್ರಕ್ಕೆ ಪಾದರಸವನ್ನು ಇಳಿಸಿತು, ಸತ್ತ ನರಕೋಶಗಳನ್ನು ಮರಳಿಸಲಿಲ್ಲ. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು.