ಕಲಾಭ್ಯಾಸದ ವ್ಯಯವೂ ಅಂಕನೀತಿಯೂ: ಕೇರಳದ ಶಾಲಾ ಕಲೋತ್ಸವದ ನಿದರ್ಶನ

ಮಕ್ಕಳ ಕಲಾಭ್ಯಾಸಕ್ಕಾಗಿ ಗೃಹಸ್ಥನು ಮಾಡುವ ವ್ಯಯವು ಅವನ ಅಭಿರುಚಿಯನ್ನೂ ಧನಶಕ್ತಿಯನ್ನೂ ಮಾತ್ರ ಅವಲಂಬಿಸಿರುವುದೆಂದು ಸಾಮಾನ್ಯವಾದ ಭಾವನೆ. ಆದರೆ ವಿದ್ಯಾಶಾಖೆಯು ಕಲೆಗೆ ಎಂತಹ ಫಲವನ್ನು ವಿಧಿಸುವುದೋ ಅದನ್ನನುಸರಿಸಿಯೇ ಆ ವ್ಯಯವು ಹೆಚ್ಚುವುದು. ಇದಕ್ಕೆ ಕೇರಳದ ಶಾಲಾ ಕಲೋತ್ಸವವು ಸ್ಪಷ್ಟವಾದ ನಿದರ್ಶನ.

ಈ ಉತ್ಸವವು 1957ನೆಯ ಜನವರಿಯಲ್ಲಿ ಎರ್ನಾಕುಳದಲ್ಲಿ ಪ್ರಾರಂಭವಾಯಿತು. ಸ್ಪರ್ಧಿಗಳು ಶಾಲೆ, ಉಪಜಿಲ್ಲೆ, ಜಿಲ್ಲೆ ಎಂಬ ಮೆಟ್ಟಿಲುಗಳನ್ನೇರಿ ರಾಜ್ಯಮಟ್ಟವನ್ನು ಸೇರಬೇಕು. 1986ರಲ್ಲಿ ಕಲಾತಿಲಕ, ಕಲಾಪ್ರತಿಭೆ ಎಂಬ ಬಿರುದುಗಳು ಏರ್ಪಟ್ಟವು. ಇವುಗಳಿಂದ ಪೈಪೋಟಿಯು ಮಿತಿಮೀರಿತೆಂದು 2006ರಲ್ಲಿ ಅವನ್ನು ಕೈಬಿಟ್ಟು, ಶ್ರೇಣಿಪದ್ಧತಿಯನ್ನು ಜಾರಿಗೆ ತಂದರು. ಆದರೆ ರಾಜ್ಯಮಟ್ಟದಲ್ಲಿ ಶ್ರೇಣಿ ಪಡೆದವರಿಗೆ ಶಾಲಾಪರೀಕ್ಷೆಗಳಲ್ಲಿ ಕೃಪಾಂಕಗಳನ್ನು ಕೊಡುವ ಪದ್ಧತಿಯು ನಿಲ್ಲಲಿಲ್ಲ. ಅಭ್ಯಾಸದಲ್ಲಿ ಕಳೆದ ಪಾಠದ ವೇಳೆಗೆ ಇದು ಪರಿಹಾರವೆಂಬ ಸಮರ್ಥನೆಯು ಅಯುಕ್ತವೇನೂ ಅಲ್ಲ.

ಇದರ ಪರಿಣಾಮವನ್ನು ತಿಳಿಯಲು ಮೀಮಾಂಸಾಶಾಸ್ತ್ರದ ಒಂದು ವಿವೇಚನೆಯು ಉಪಯುಕ್ತವಾಗಿದೆ. ನಿತ್ಯಕರ್ಮವನ್ನು ಯಥಾಶಕ್ತಿಯಾಗಿ ಆಚರಿಸಿದರೂ ಸಾಕು. ಯಾವುದಾದರೊಂದು ಅಂಗವು ಲೋಪವಾದರೂ ಕರ್ಮವು ಕೆಡುವುದಿಲ್ಲ. ಕಾಮ್ಯಕರ್ಮದಲ್ಲಾದರೋ ಸಕಲಾಂಗಗಳೂ ಸಂಪೂರ್ಣವಾಗಿರಬೇಕು; ಇಲ್ಲವಾದರೆ ಫಲವಿಲ್ಲ. ಮನೆಯಲ್ಲಿ ಹಾಡು, ಕುಣಿತಗಳನ್ನು ಕಲಿಯುವ ಮಗುವಿನ ಅಭ್ಯಾಸವು ನಿತ್ಯದಂತೆ. ಬಡವನೂ ತನ್ನ ಶಕ್ತಿಯಿದ್ದಷ್ಟು ಅದನ್ನು ನಡೆಸಬಲ್ಲನು. ಅಂಕವೆಂಬ ಫಲವು ವಿಧಿಸಲ್ಪಟ್ಟೊಡನೆ ಅದೇ ಅಭ್ಯಾಸವು ಕಾಮ್ಯವಾಗುತ್ತದೆ. ಆಗ ಗುರುದಕ್ಷಿಣೆಯ ಜೊತೆಗೆ ಉಡುಪು, ಆಭರಣ, ಮುಖವರ್ಣಿಕೆ, ಹಿಮ್ಮೇಳ, ಪ್ರಯಾಣ ಇವೆಲ್ಲವೂ ಅವಶ್ಯಕಾಂಗಗಳೆನಿಸುತ್ತವೆ. ಭರತನಾಟ್ಯ, ಮೋಹಿನಿಯಾಟ್ಟಂ, ಕೂಚಿಪೂಡಿಗಳಲ್ಲಿ ಕೆಲವೇ ನಿಮಿಷಗಳ ಪ್ರದರ್ಶನಕ್ಕೆ ಇಷ್ಟೂ ಬೇಕು. ಕೆಳಗಿನ ಮೆಟ್ಟಿಲಿನಲ್ಲಿ ಸೋತವರು ಶುಲ್ಕ ಕಟ್ಟಿ ಮೇಲ್ಮನವಿ ಸಲ್ಲಿಸುವುದೂ, ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ರೂಢಿಯಾಗಿದೆ. ಬಿರುದನ್ನು ತೆಗೆದರೂ ಫಲವು ಉಳಿದದ್ದರಿಂದ ಅಂಗಗಳ ಭಾರವೂ ಉಳಿಯಿತು.

ಸಮೂಹಕಲೆಗಳಲ್ಲಿ ಭಾರದ ವಿಭಾಗವು ಬೇರೆ. ಯಕ್ಷಗಾನವೂ ಕಲೋತ್ಸವದ ಒಂದು ಸ್ಪರ್ಧೆಯಾಗಿದ್ದು, ಕಾಸರಗೋಡಿನ ಕನ್ನಡಿಗರಿಗೆ ಇದು ಮನೆಯ ಕಲೆಯೇ ಆಗಿದೆ. ಭಾಗವತಿಕೆ, ಚೆಂಡೆ, ಮದ್ದಳೆ, ವೇಷಗಳು ಒಬ್ಬ ಬಾಲಕನಿಗಾಗಿ ಅಲ್ಲ, ಇಡೀ ತಂಡಕ್ಕಾಗಿ ಒದಗಬೇಕಾದವು. ಆದುದರಿಂದ ಆ ವ್ಯಯವನ್ನು ಹಂಚಿಕೊಳ್ಳಲು ಅವಕಾಶವಿದೆ. ತಿರುವನಂತಪುರದಲ್ಲಿ 2025ರ ಜನವರಿಯಲ್ಲಿ ನಡೆದ ಉತ್ಸವದಲ್ಲಿ ಮಂಗಲಂಕಳಿ, ಪಣಿಯನೃತ್ಯ ಮೊದಲಾದ ಐದು ಗಿರಿಜನಕಲೆಗಳು ಹೊಸದಾಗಿ ಸೇರಿದವು. ಮದುವೆಯ ಚಪ್ಪರದಲ್ಲಿ ವೆಚ್ಚವಿಲ್ಲದೆ ಕಲಿತ ಕುಣಿತಕ್ಕೂ ಇನ್ನು ಫಲವು ಸೇರಿತು. ಆ ಜನರ ಮಕ್ಕಳಿಗೇ ಅದು ದುರ್ಲಭವಾಗದಂತೆ ನೋಡಿಕೊಳ್ಳುವುದು ನೀತಿಕಾರರ ಹೊಣೆ.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿಯೂ ನಾಟ್ಯಸ್ಪರ್ಧೆಯುಂಟು. ಗಣದಾಸ ಹರದತ್ತರ ವಿವಾದವನ್ನು ಶಿಷ್ಯರ ಪ್ರಯೋಗದಿಂದ ನಿರ್ಣಯಿಸಬೇಕೆಂದು ಅಲ್ಲಿ ಗೊತ್ತಾಗುತ್ತದೆ. ಆದರೆ ಗೌರವವು ಗುರುವಿನದು, ಪೋಷಣೆಯು ಅರಮನೆಯದು. ಕಲೋತ್ಸವದಲ್ಲಿ ಫಲವು ಶಿಷ್ಯನದು, ವ್ಯಯವು ತಂದೆತಾಯಿಗಳದು. ಫಲವನ್ನು ವಿಧಿಸಿದ ಪ್ರಭುತ್ವವು ಶಾಲೆಯಲ್ಲಿಯೇ ಕಲಾಗುರುವನ್ನೂ ಸಾಮಾನ್ಯ ವೇಷಸಾಮಗ್ರಿಯನ್ನೂ ಒದಗಿಸದಿದ್ದರೆ, ಕೃಪಾಂಕವು ಕಲೆಗೆ ಸಲ್ಲುವುದರ ಬದಲು ಧನಕ್ಕೆ ಸಲ್ಲುವುದು.