ಸೆಕೆಂಡಿಗೆ 50 ಸಲ

ಮದುವೆ ಛತ್ರದಲ್ಲಿ ಕರೆಂಟ್ ಹೋಗಿ, ಹಿತ್ತಲಲ್ಲಿ ಜನರೇಟರ್ ಗುಡುಗುಡು ಓಡುತ್ತಿರುತ್ತದೆ. ಅಡುಗೆಯವರು ದೊಡ್ಡ ಗ್ರೈಂಡರ್ ಹಾಕಿದ ಕೂಡಲೇ ಎಂಜಿನ್ನಿನ ಸದ್ದು ಒಮ್ಮೆ ಕುಗ್ಗಿ ಮತ್ತೆ ಏರುತ್ತದೆ. ಮಂಟಪದ ದೀಪಗಳೂ ಅರೆಗಳಿಗೆ ಮಂಕಾಗುತ್ತವೆ.

ನಮ್ಮ ಮನೆಗೆ ಬರುವುದು 230 ವೋಲ್ಟಿನ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್. ಸೆಕೆಂಡಿಗೆ 50 ಸಲ ಅದು ಹೋಗಿ ಬರುತ್ತದೆ. ಸುರುಳಿ ಸುತ್ತಿದ ತಂತಿಯ ಬಳಿ ಅಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೆಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಜನರೇಟರಿನೊಳಗೆ ಇಂದಿಗೂ ನಡೆಯುವುದು ಅದೇ. ಉತ್ತರ ಧ್ರುವ ಸುರುಳಿಯ ಮುಂದೆ ಹಾದಾಗ ಕರೆಂಟ್ ಒಂದು ಕಡೆಗೆ, ದಕ್ಷಿಣ ಧ್ರುವ ಹಾದಾಗ ಇನ್ನೊಂದು ಕಡೆಗೆ. ಎರಡೇ ಧ್ರುವಗಳಿರುವ ಸಣ್ಣ ಜನರೇಟರ್ ನಿಮಿಷಕ್ಕೆ 3000 ಸುತ್ತು ಸುತ್ತಿದರೆ 50ರ ಲೆಕ್ಕ ಸರಿಹೋಗುತ್ತದೆ. ನಾಲ್ಕು ಧ್ರುವಗಳಿರುವ ದೊಡ್ಡ ಡೀಸೆಲ್ ಯಂತ್ರಕ್ಕೆ 1500 ಸಾಕು. ಒಂದೇ ಬಲ್ಬು ಉರಿಯುತ್ತಿದ್ದರೂ ಈ ವೇಗ ಇಳಿಯುವಂತಿಲ್ಲ. ಲೋಡ್ ಬಿದ್ದು ಎಂಜಿನ್ ಜಗ್ಗಿದಾಗ ವೇಗ ಕಾಯುವ ಗವರ್ನರ್ ಹೆಚ್ಚು ಇಂಧನ ಕೊಟ್ಟು ಅದನ್ನು ಮೇಲೆತ್ತುತ್ತದೆ. ಛತ್ರದ ಹಿತ್ತಲಲ್ಲಿ ಕೇಳಿದ್ದು ಆ ಎಳೆದಾಟ.

ಕೈಯಲ್ಲಿ ಹಿಡಿದೊಯ್ಯಬಹುದಾದ ಇನ್ವರ್ಟರ್ ಜನರೇಟರ್ ಈ ಗಂಟನ್ನೇ ಬಿಚ್ಚಿತು. ಅದರಲ್ಲಿ ಎಂಜಿನ್ ತನಗೆ ಬೇಕಾದ ವೇಗದಲ್ಲಿ ಓಡಿ ಎಸಿ ಹುಟ್ಟಿಸುತ್ತದೆ. ಅದನ್ನು ಮೊದಲು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ ಮಾಡಿ, ಆಮೇಲೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ 50ರ ಲೆಕ್ಕದಲ್ಲಿ ಮತ್ತೆ ಎಸಿ ಮಾಡುತ್ತದೆ. ಲೋಡ್ ಕಡಿಮೆಯಿದ್ದರೆ ಎಂಜಿನ್ ನಿಧಾನವಾಗುತ್ತದೆ; ಪೆಟ್ರೋಲೂ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ನನಗೆ ಇದು ಬಲು ಜಾಣ ಉಪಾಯವೆನಿಸುತ್ತದೆ.

ಮನೆಯಲ್ಲಿ ನಾವು ಯುಪಿಎಸ್ ಎನ್ನುವ ಪೆಟ್ಟಿಗೆಯದೂ ಇದೇ ದಾರಿ. ಅಲ್ಲಿ ಎಂಜಿನ್ ಬದಲು ಬ್ಯಾಟರಿಯಿದೆ. ಟ್ರಾನ್ಸಿಸ್ಟರುಗಳು ಬ್ಯಾಟರಿಯ ಕರೆಂಟನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತವೆ, ಟ್ರಾನ್ಸ್‌ಫಾರ್ಮರ್ ಅದನ್ನು 230 ವೋಲ್ಟಿಗೆ ಏರಿಸುತ್ತದೆ. ಬರೀ ಆಚೀಚೆ ತಿರುಗಿಸಿದರೆ ಚೌಕನೆಯ ಅಲೆ ಬರುತ್ತದೆ, ಫ್ಯಾನು ಗುಂಯ್‌ಗುಡುತ್ತದೆ. ಸೈನ್ ವೇವ್ ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ತುಂಡರಿಸಿ, ತುಂಡುಗಳ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ, ನುಣುಪಾದ ಅಲೆ ಕಟ್ಟುತ್ತದೆ. ಕೊಳ್ಳುವಾಗ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳಿ. 12 ವೋಲ್ಟಿನ ಬ್ಯಾಟರಿಯಿಂದ 600 ವಾಟ್ ತೆಗೆಯಬೇಕಾದರೆ 50 ಆಂಪಿಯರಿಗೂ ಹೆಚ್ಚು ಕರೆಂಟ್ ಹರಿಯುತ್ತದೆ. ಬ್ಯಾಟರಿಯ ತಂತಿ ಅಷ್ಟು ದಪ್ಪ ಇರುವುದು ಅದಕ್ಕೇ.

ಕೆಲವರು ಜನರೇಟರಿನ ತಂತಿಯನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಮನೆಗೆ ಕರೆಂಟ್ ಕೊಡುತ್ತಾರೆ. ಮೇನ್ ಸ್ವಿಚ್ ತೆಗೆಯಲು ಮರೆತರೆ ಆ ಕರೆಂಟ್ ಬೀದಿಯ ತಂತಿಗೆ ಹೋಗುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಟ್ರಾನ್ಸ್‌ಫಾರ್ಮರ್ ಹಿಂದಿನಿಂದ ಬಂದದ್ದನ್ನು ಅಷ್ಟೇ ಪಟ್ಟು ಏರಿಸುತ್ತದೆ. ಲೈನ್ ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ ಮುಟ್ಟುವುದು ಆ ತಂತಿಯನ್ನು. ಜನರೇಟರ್ ತರುವ ಮೊದಲೇ ದಯವಿಟ್ಟು ಎಲೆಕ್ಟ್ರಿಷಿಯನ್ ಕರೆಸಿ, ಬೀದಿಯ ಲೈನ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ.