ಪ್ರೌಢಶಾಲೆಯ ವೇಳಾಪತ್ರಿಕೆ: ಗೃಹಸ್ಥರು ಯೋಚಿಸತಕ್ಕ ಕೆಲವು ಮಾತುಗಳು

ಪ್ರತಿವರ್ಷವೂ ಮೇ ತಿಂಗಳ ಕೊನೆಗೋ ಜೂನ್ ತಿಂಗಳ ಮೊದಲಿಗೋ ನಮ್ಮ ಪ್ರೌಢಶಾಲೆಗಳ ಬಾಗಿಲು ತೆರೆಯುವುದು. ಆ ದಿನಗಳಲ್ಲಿ ಮನೆಮನೆಗಳಲ್ಲಿ ಪುಸ್ತಕ, ಸಮವಸ್ತ್ರ, ಶುಲ್ಕ ಇವುಗಳ ಮಾತು ನಡೆಯುವುದೇ ಹೊರತು ವೇಳಾಪತ್ರಿಕೆಯ ಮಾತು ಬರುವುದು ಅಪರೂಪ. ಅದು ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಗೆ ಅಂಟಿಸಿದ ಒಂದು ಕಾಗದವೆಂದೂ, ಅದರ ಚಿಂತೆಯು ಉಪಾಧ್ಯಾಯರಿಗೆ ಸೇರಿದುದೆಂದೂ ಗೃಹಸ್ಥರು ಭಾವಿಸುವುದುಂಟು. ಆದರೆ ಮನೆಯ ಮಗುವು ಎಷ್ಟು ಹೊತ್ತಿಗೆ ಏಳಬೇಕು, ಏನನ್ನು ಉಂಡು ಹೊರಡಬೇಕು, ಯಾವ ಬಸ್ಸನ್ನು ಹಿಡಿಯಬೇಕು, ಕತ್ತಲಾಗುವುದಕ್ಕೆ ಮೊದಲು ಮನೆ ಸೇರುವುದೋ ಇಲ್ಲವೋ ಎಂಬುದೆಲ್ಲವೂ ಆ ಕಾಗದದಿಂದಲೇ ನಿರ್ಣಯವಾಗತಕ್ಕುದು. ಆದುದರಿಂದ ಇದು ಶಾಲೆಯ ವಿಷಯವಾಗಿರುವಷ್ಟೇ ಮನೆಯ ವಿಷಯವೂ ಆಗಿದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ೨೦೦೧ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ತಂದೆತಾಯಿಗಳು ಅಲ್ಲಿ ಕುಳಿತು ಮಾತನಾಡುವ ಅಧಿಕಾರವುಳ್ಳವರು. ೨೦೨೩ರಲ್ಲಿ ಬೆಂಗಳೂರಿನ ವಾಹನಗಳ ದಟ್ಟಣೆಯನ್ನು ಕಡಿಮೆ ಮಾಡುವುದಕ್ಕಾಗಿ ಶಾಲೆಗಳ ಹೊತ್ತನ್ನೇ ಬದಲಿಸಬಹುದೆ ಎಂಬ ಪ್ರಶ್ನೆಯು ಹೈಕೋರ್ಟಿನ ಸೂಚನೆಯಿಂದ ಚರ್ಚೆಗೆ ಬಂದಾಗ, ವೇಳೆಯ ವಿಚಾರವು ಎಷ್ಟು ಮನೆಗಳನ್ನು ಮುಟ್ಟುವುದೆಂಬುದು ನಗರದವರಿಗೂ ತಿಳಿಯಿತು. ಹಾಗಿರಲು, ಶಾಲೆಯವರು ಹೊಸ ವೇಳಾಪತ್ರಿಕೆಯನ್ನು ಮುಂದಿಟ್ಟು ಅಭಿಪ್ರಾಯವನ್ನು ಕೇಳಿದಾಗ ಗೃಹಸ್ಥರು ಏನನ್ನು ಯೋಚಿಸಬೇಕೆಂಬುದನ್ನು, ಬಹುಕಾಲ ಆ ಗಂಟೆಯ ಶಬ್ದದಲ್ಲಿಯೇ ಬದುಕಿದ ನಾವು, ಇಲ್ಲಿ ನಿವೇದಿಸುತ್ತೇವೆ.

ಕಾಲವನ್ನು ವಿಭಾಗಿಸುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಹಗಲಿರುಳುಗಳನ್ನು ೬೦ ಘಳಿಗೆಗಳೆಂದೂ, ೨೪ ನಿಮಿಷಕ್ಕೆ ಸಮನಾದ ಘಳಿಗೆಗಳು ಎರಡು ಸೇರಿದರೆ ೪೮ ನಿಮಿಷದ ಒಂದು ಮುಹೂರ್ತವೆಂದೂ ಹಿರಿಯರು ಎಣಿಸಿದರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ರಾಜನ ಹಗಲನ್ನು ಎಂಟು ಭಾಗವಾಗಿಯೂ ಇರುಳನ್ನು ಎಂಟು ಭಾಗವಾಗಿಯೂ ಹಂಚಿ, ಒಂದೊಂದಕ್ಕೆ ಒಂದೊಂದು ಕಾರ್ಯವನ್ನು ವಿಧಿಸಿದ್ದಾನೆ. ಆದರೆ ಹಳೆಯ ಪಾಠಶಾಲೆಗೆ ಇಂದಿನ ತೊಡಕುಗಳಿರಲಿಲ್ಲ. ಅಲ್ಲಿ ಗುರುವೊಬ್ಬನು, ಶಾಸ್ತ್ರವೊಂದು. ಶಿಷ್ಯನು ಗುರುವಿನ ಮನೆಯಲ್ಲಿಯೇ ವಾಸಿಸುವವನು. ಇಂದಿನ ಪ್ರೌಢಶಾಲೆಯಲ್ಲಿಯಾದರೋ ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂಬ ಆರು ವಿಷಯಗಳು; ಅವುಗಳ ಜೊತೆಗೆ ಆಟ, ಚಿತ್ರಕಲೆ, ಸಂಗೀತ, ಕೈಕೆಲಸ, ಗ್ರಂಥಾಲಯ; ಕಲಿಸುವವರು ಹಲವರು; ಕಲಿಯುವವರು ಸುತ್ತಲಿನ ಹತ್ತು ಹಳ್ಳಿಗಳಿಂದ ಬರುವವರು.

ಈಗ ಒಂದು ಎಣಿಕೆಯನ್ನು ಮಾಡಿ ನೋಡೋಣ. ಶಾಲೆಯು ಬೆಳಿಗ್ಗೆ ೧೦ ಗಂಟೆಗೆ ಆರಂಭವಾಗಿ ಸಂಜೆ ನಾಲ್ಕೂವರೆಗೆ ಮುಗಿಯುವುದೆಂದು ಭಾವಿಸೋಣ. ಒಟ್ಟು ೩೯೦ ನಿಮಿಷಗಳು. ಪ್ರಾರ್ಥನೆಗೆ ೧೫, ಮಧ್ಯಾಹ್ನದ ಊಟಕ್ಕೆ ೪೫, ನಡುವಿನ ಬಿಡುವಿಗೆ ೧೦ ನಿಮಿಷಗಳನ್ನು ಕಳೆದರೆ ಪಾಠಕ್ಕೆ ಉಳಿಯುವುದು ೩೨೦ ನಿಮಿಷ. ೪೦ ನಿಮಿಷದ ಪಿರಿಯಡ್ಡುಗಳಾದರೆ ಸರಿಯಾಗಿ ಎಂಟಾಗುವುವು. ಶನಿವಾರ ಬೆಳಗಿನ ಶಾಲೆಯಲ್ಲಿ ಐದು. ವಾರಕ್ಕೆ ೪೫ ಪಿರಿಯಡ್ಡುಗಳು. ಇವುಗಳಲ್ಲಿ ಮೂರು ಭಾಷೆಗಳಿಗೆ ೧೭, ಗಣಿತಕ್ಕೆ ೭, ವಿಜ್ಞಾನಕ್ಕೆ ೭, ಸಮಾಜ ವಿಜ್ಞಾನಕ್ಕೆ ೬ ಎಂದು ಹಂಚಿದರೆ ೩೭ ಆಗುವುದು. ಆಟ, ಚಿತ್ರ, ಸಂಗೀತ, ಕೈಕೆಲಸ, ಗ್ರಂಥಾಲಯಗಳಿಗೆ ೮ ಉಳಿಯುವುದು.

ಇಲ್ಲಿ ಕೆಲವರು, ೪೦ ನಿಮಿಷ ಸಾಲದು, ೪೫ ನಿಮಿಷ ಬೇಕು ಎನ್ನುವರು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ತೋರುವುದು. ಆದರೆ ೩೨೦ ನಿಮಿಷಗಳಲ್ಲಿ ೪೫ ನಿಮಿಷದವು ಏಳೇ ಆಗುವುವು, ಶನಿವಾರ ನಾಲ್ಕು. ವಾರಕ್ಕೆ ೩೯. ಪರೀಕ್ಷೆಯ ವಿಷಯಗಳಿಗೆ ೩೭ನ್ನು ಹಾಗೆಯೇ ಇಟ್ಟರೆ ಮಿಕ್ಕ ಎಲ್ಲಕ್ಕೂ ಸೇರಿ ಉಳಿಯುವುದು ಎರಡು ಮಾತ್ರ. ಪರೀಕ್ಷೆಯ ವಿಷಯಗಳಿಗೆ ವಾರಕ್ಕೆ ೩ ಗಂಟೆ ೫ ನಿಮಿಷ ಹೆಚ್ಚಾಗಿ ದೊರೆಯುವುದು ನಿಜ. ಆಟ, ಚಿತ್ರ, ಸಂಗೀತಾದಿಗಳು ೩೨೦ ನಿಮಿಷದಿಂದ ೯೦ ನಿಮಿಷಕ್ಕೆ ಇಳಿಯುವುದೂ ಅಷ್ಟೇ ನಿಜ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಗಂಟೆಗಳಿಗೂ ಅನ್ವಯಿಸುವುದು. ಒಂದನ್ನು ಹಿಗ್ಗಿಸಿದಾಗ ಕುಗ್ಗಿದುದು ಯಾವುದು ಎಂದು ಗೃಹಸ್ಥರು ಮೊದಲು ಕೇಳಬೇಕು. ವಾರವಿಡೀ ಮೈದಾನವನ್ನು ಕಾಣದ ಹದಿನಾಲ್ಕು ವರ್ಷದ ಹುಡುಗನು ಮನೆಗೆ ಬಂದು ಏಕೆ ಸಿಡುಕುವನೆಂಬುದಕ್ಕೆ ಉತ್ತರವು ಕೆಲವು ವೇಳೆ ಈ ಕಾಗದದಲ್ಲಿಯೇ ಇರುವುದು.

ಹಾಗಾದರೆ ೪೦ ನಿಮಿಷದ ಪದ್ಧತಿಯು ನಿರ್ದೋಷವೆ? ಅಲ್ಲ. ವಿಜ್ಞಾನದ ಪ್ರಯೋಗಕ್ಕೆ ಅದು ಸಾಲದು. ಸಾಮಾನುಗಳನ್ನು ಹೊಂದಿಸಿ, ಮಕ್ಕಳು ಗುಂಪುಗುಂಪಾಗಿ ನಿಂತು, ಕೈಯಿಂದ ಮಾಡಿ, ಕಂಡುದನ್ನು ಬರೆಯುವಷ್ಟರಲ್ಲಿ ಗಂಟೆ ಹೊಡೆಯುವುದು. ಇದಕ್ಕೆ ಪರಿಹಾರವು ಸುಲಭವಾಗಿದೆ. ವಿಜ್ಞಾನದ ಏಳರಲ್ಲಿ ಎರಡನ್ನು ವಾರಕ್ಕೊಮ್ಮೆ ಒಂದಕ್ಕೊಂದು ಜೋಡಿಸಿದರೆ ೮೦ ನಿಮಿಷ ದೊರೆಯುವುದು. ಪ್ರಯೋಗಶಾಲೆಯು ಒಂದೇ ಆಗಿರುವುದರಿಂದ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಬೇರೆಬೇರೆ ದಿನಗಳನ್ನು ಕೊಡಬೇಕು, ಅಷ್ಟೇ.

ಮೂರನೆಯ ಮಾರ್ಗವೊಂದಿದೆ. ನಮ್ಮ ಮನಸ್ಸು ಅದರ ಕಡೆಗೆ ವಾಲುವುದು. ಊಟಕ್ಕೆ ಮೊದಲು ೪೫ ನಿಮಿಷದವು ನಾಲ್ಕು, ಊಟದ ತರುವಾಯ ೩೫ ನಿಮಿಷದವು ನಾಲ್ಕು. ೧೮೦ ಮತ್ತು ೧೪೦ ಸೇರಿ ಅದೇ ೩೨೦. ಪಿರಿಯಡ್ಡುಗಳ ಸಂಖ್ಯೆಯು ಕುಗ್ಗದು, ಆಟಪಾಠಗಳಿಗೆ ಕುಂದು ಬಾರದು. ಮನಸ್ಸು ಚುರುಕಾಗಿರುವ ಹೊತ್ತಿಗೆ ದೀರ್ಘವಾದ ಪಾಠ, ಬಳಲಿರುವ ಹೊತ್ತಿಗೆ ಹ್ರಸ್ವವಾದ ಪಾಠ. ಇದಕ್ಕೂ ದೋಷವಿಲ್ಲದಿಲ್ಲ. ಊಟವು ೨೦ ನಿಮಿಷ ತಡವಾಗುವುದು. ಬೆಳಿಗ್ಗೆ ಮಕ್ಕಳಿಗೆ ಹಾಲನ್ನು ಕೊಡುವ ಶಾಲೆಯಲ್ಲಿ ಈ ತೊಂದರೆಯು ಅಷ್ಟಾಗಿ ಬಾಧಿಸದು; ಇಲ್ಲದ ಕಡೆಯಲ್ಲಿ ಯೋಚಿಸಬೇಕು. ನೀರನ್ನು ಕುಡಿಯುವುದಕ್ಕೆಂದೇ ಗಂಟೆ ಹೊಡೆಯುವ ಪದ್ಧತಿಯು ೨೦೧೯ರಲ್ಲಿ ಕೇರಳದಲ್ಲಿ ಹೆಸರಾಗಿ ನಮ್ಮಲ್ಲಿಗೂ ಬಂದಿತು. ಮಧ್ಯಾಹ್ನದ ನಾಲ್ಕು ಪಾಠಗಳ ನಡುವೆ ಅದನ್ನು ಬಿಡಬಾರದು.

೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೬ರಿಂದ ೮ನೆಯ ತರಗತಿಗಳಿಗೆ ವರ್ಷಕ್ಕೆ ೨೨೦ ದಿನಗಳನ್ನೂ ೧೦೦೦ ಬೋಧನೆಯ ಗಂಟೆಗಳನ್ನೂ ವಿಧಿಸಿದೆ. ಉಪಾಧ್ಯಾಯರಿಗೆ ಸಿದ್ಧತೆಯ ಕಾಲವೂ ಸೇರಿ ವಾರಕ್ಕೆ ೪೫ ಗಂಟೆಗಳು. ಮೇಲೆ ಹೇಳಿದ ಮೂರು ಪದ್ಧತಿಗಳೂ ವಾರಕ್ಕೆ ಸುಮಾರು ೩೦ ಗಂಟೆಗಳ ಪಾಠವನ್ನು ಕೊಡುವುದರಿಂದ ಕಾಯಿದೆಗೆ ಯಾವುದೂ ಕಡಿಮೆಯಾಗದು. ಸಿದ್ಧತೆಯ ಕಾಲವೆಂದು ಕಾಯಿದೆಯೇ ಹೇಳಿರುವುದನ್ನು ಗೃಹಸ್ಥರು ಗಮನಿಸಬೇಕು. ಬಿಡುವಿನ ಪಿರಿಯಡ್ಡಿನಲ್ಲಿ ಕುಳಿತಿರುವ ಉಪಾಧ್ಯಾಯನು ಸೋಮಾರಿಯಲ್ಲ; ಅವನ ಮುಂದೆ ನಾಲ್ವತ್ತು ಬರೆವಣಿಗೆಯ ಪುಸ್ತಕಗಳಿರುತ್ತವೆ.

ಇನ್ನು ತಂದೆತಾಯಿಗಳು ಎಲ್ಲೆಡೆಯೂ ಮುಂದಿಡುವ ಬೇಡಿಕೆಯೊಂದುಂಟು. ಅದಾವುದೆಂದರೆ, ಬೆಳಗಿನ ಮೊದಲ ಪಾಠವು ಗಣಿತವೇ ಆಗಬೇಕೆಂಬುದು. ಮೂರು ತರಗತಿಗಳಿಗೆ ಗಣಿತದ ಉಪಾಧ್ಯಾಯನು ಒಬ್ಬನೇ ಇರುವ ಶಾಲೆಯಲ್ಲಿ ಅವನು ಒಂದೇ ಹೊತ್ತಿಗೆ ಮೂರು ಕೋಣೆಗಳಲ್ಲಿ ನಿಲ್ಲಲಾರನು. ಸಾಮಾನ್ಯವಾಗಿ ಹತ್ತನೆಯ ತರಗತಿಗೆ ಮೊದಲ ಹೊತ್ತನ್ನು ಕೊಟ್ಟು, ಎಂಟನೆಯವರಿಗೆ ಊಟದ ಮೇಲಿನ ಹೊತ್ತನ್ನು ಉಳಿಸುವುದು ರೂಢಿಯಾಗಿದೆ. ಅಡಿಪಾಯವನ್ನು ಹಾಕುವವರಿಗೆ ಬಳಲಿದ ಹೊತ್ತು, ಮೇಲ್ಛಾವಣಿಯವರಿಗೆ ಒಳ್ಳೆಯ ಹೊತ್ತು! ದಸರೆಯ ರಜೆಯ ವರೆಗೆ ಒಂದು ಕ್ರಮ, ತರುವಾಯ ಇನ್ನೊಂದು ಕ್ರಮ ಎಂದು ಸರದಿಯನ್ನು ಏರ್ಪಡಿಸಿದರೆ ಯಾವ ತರಗತಿಗೂ ವರ್ಷವಿಡೀ ಅನ್ಯಾಯವಾಗದು.

ಊಟದ ಮೇಲೆ ತೂಕಡಿಕೆಯು ಬರುವುದು ಮಕ್ಕಳ ತಪ್ಪಲ್ಲ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ದೇಹದ ಎಚ್ಚರವು ತಾನಾಗಿಯೇ ಸ್ವಲ್ಪ ತಗ್ಗುವುದೆಂದು ನಿದ್ರೆಯ ಶಾಸ್ತ್ರವನ್ನು ಬಲ್ಲವರು ಹೇಳುವರು. ಆ ಹೊತ್ತಿನಲ್ಲಿ ಸುಮ್ಮನೆ ಕುಳಿತು ಕೇಳುವ ಪಾಠವನ್ನಿಡದೆ, ಕೈಯೋ ಕಂಠವೋ ದುಡಿಯುವ ಪಾಠವನ್ನಿಡಬೇಕು. ಚಿತ್ರಕಲೆ, ಪ್ರಯೋಗ, ಪದ್ಯವಾಚನ ಇವು ತಕ್ಕವು. ಆಟವನ್ನು ದಿನದ ಕೊನೆಗೆ ಇಡುವುದು ಒಳ್ಳೆಯದು. ಆದರೆ ಕಲಬುರಗಿ, ರಾಯಚೂರುಗಳ ಮಾರ್ಚ್ ತಿಂಗಳ ಬಿಸಿಲಿಗೂ ಆಗುಂಬೆಯ ಆಷಾಢದ ಮಳೆಗೂ ಒಂದೇ ನಿಯಮವು ಒಗ್ಗದು. ಸೀಮೆಯನ್ನು ನೋಡಿ ವೇಳೆಯನ್ನು ಕಟ್ಟಬೇಕು.

ಶಾಲೆಯನ್ನು ಇನ್ನೂ ಬೇಗ ಆರಂಭಿಸಬೇಕೆಂಬ ಮಾತೂ ಆಗಾಗ ಬರುವುದು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದನ್ನು ಬಾಲ್ಯದಿಂದ ಅಭ್ಯಾಸ ಮಾಡಿದ ನಮಗೆ ಆ ಮಾತು ಪ್ರಿಯವೇ ಆಗಬೇಕಿತ್ತು. ಆದರೆ ಆ ಕಾಲದ ಮನೆಗಳಲ್ಲಿ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ ಊಟವಾಗಿ ಮಲಗುತ್ತಿದ್ದರೆಂಬುದನ್ನು ಮರೆಯಬಾರದು. ಹದಿಮೂರರಿಂದ ಹದಿನೆಂಟರ ಪ್ರಾಯದವರಿಗೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂದೂ, ಆ ಪ್ರಾಯದಲ್ಲಿ ನಿದ್ರೆಯು ಬರುವ ಹೊತ್ತೇ ಸ್ವಭಾವತಃ ಹಿಂದಕ್ಕೆ ಸರಿಯುವುದೆಂದೂ ವೈದ್ಯರು ಹೇಳುವರು. ಅಮೆರಿಕದ ಮಕ್ಕಳ ವೈದ್ಯರ ಸಂಘವು ೨೦೧೪ರಲ್ಲಿ, ಪ್ರೌಢಶಾಲೆಗಳು ಎಂಟೂವರೆಗಿಂತ ಮೊದಲು ಆರಂಭವಾಗಬಾರದೆಂದು ಸಲಹೆಯನ್ನಿತ್ತಿತು. ಕ್ಯಾಲಿಫೋರ್ನಿಯ ಸಂಸ್ಥಾನವು ೨೦೧೯ರಲ್ಲಿ ಅದನ್ನೇ ಕಾಯಿದೆಯಾಗಿ ಮಾಡಿ ೨೦೨೨ರಿಂದ ಆಚರಣೆಗೆ ತಂದಿತು. ಹತ್ತು ಗಂಟೆಗೆ ಆರಂಭವಾಗುವ ನಮ್ಮ ಹಳ್ಳಿಯ ಶಾಲೆಗಳು ಈ ವಿಷಯದಲ್ಲಿ ಹಿಂದುಳಿದಿಲ್ಲ. ತೊಂದರೆಯಿರುವುದು ಬೆಳಗಿನ ಏಳಕ್ಕೆ ಮಗುವನ್ನು ವಾಹನಕ್ಕೆ ಹತ್ತಿಸುವ ನಗರದ ಮನೆಗಳಲ್ಲಿ, ಮತ್ತು ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಶಾಲೆಯ ಹಿಂದೆಯೂ ಮುಂದೆಯೂ ವಿಶೇಷ ತರಗತಿಗಳನ್ನು ಪೇರಿಸುವ ಉತ್ಸಾಹದಲ್ಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸೇರಿಸಿದರೆ ಆ ಮಗುವಿನ ದಿನವು ಎಂಟೂವರೆ ಗಂಟೆಯದಾಗುವುದು. ದಾರಿಯ ಹೊತ್ತು ಬೇರೆ. ಆ ಮೇಲೆ ಅದು ಓದುವುದು ಯಾವಾಗ, ಮಲಗುವುದು ಯಾವಾಗ?

ಎಲ್ಲಕ್ಕಿಂತ ಮುಖ್ಯವಾದುದು ದಾರಿಯ ಪ್ರಶ್ನೆ. ನಾವು ಸೇವೆಯಲ್ಲಿದ್ದ ಮಲೆನಾಡಿನ ಒಂದು ಊರಿನಲ್ಲಿ, ದೂರದ ಹಳ್ಳಿಯ ಐವರು ಹುಡುಗಿಯರು ದಿನವೂ ಕೊನೆಯ ಪಾಠವನ್ನು ಬಿಟ್ಟು ಹೊರಡುತ್ತಿದ್ದರು. ಅವರ ಊರಿಗೆ ಹೋಗುವ ಬಸ್ಸು ನಾಲ್ಕೂ ಕಾಲಿಗೆ. ಅದು ತಪ್ಪಿದರೆ ಕಾಡಿನ ದಾರಿಯಲ್ಲಿ ಎರಡು ಗಂಟೆಯ ನಡಿಗೆ. ಆ ವರ್ಷ ವಾರದಲ್ಲಿ ನಾಲ್ಕು ದಿನ ಕೊನೆಯ ಪಾಠವು ಸಮಾಜ ವಿಜ್ಞಾನವಾಗಿದ್ದಿತು. ಐವರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೊಂದರಲ್ಲಿಯೇ ನಪಾಸಾದರು. ಆಸಕ್ತಿಯಿಲ್ಲದ ಮಕ್ಕಳೆಂದು ಆಡಿಕೊಂಡವರೂ ಇದ್ದರು. ಪೋಷಕರ ಸಭೆಯಲ್ಲಿ ಅವರಲ್ಲೊಬ್ಬಳ ಅಜ್ಜಿಯು ಎದ್ದು ನಿಂತು, "ಮೇಷ್ಟ್ರೇ, ಬಸ್ಸು ನಮ್ಮ ಮಾತು ಕೇಳೋದಿಲ್ಲ. ನಿಮ್ಮ ಗಂಟೆಯಾದರೂ ಕೇಳಬಾರದೆ?" ಎಂದಳು. ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ಮುಂದಿನ ತಿಂಗಳಿನಿಂದ ಶಾಲೆಯು ೯ ಗಂಟೆ ೩೦ ನಿಮಿಷಕ್ಕೆ ಆರಂಭವಾಗಿ ೪ ಗಂಟೆಗೆ ಮುಗಿಯಿತು. ಪಾಠದ ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಮಾರ್ಚಿಯ ಪರೀಕ್ಷೆಯಲ್ಲಿ ಐವರೂ ಉತ್ತೀರ್ಣರಾದರು.

೨೦೨೩ರ ಜೂನ್ ತಿಂಗಳಿನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ದುಡ್ಡಿನ ಚಿಂತೆ ತಪ್ಪಿತು. ಬಸ್ಸು ಬರುವ ಹೊತ್ತಿನ ಚಿಂತೆಯು ತಪ್ಪಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತವಾಗುವುದು. ಮಗಳು ಕತ್ತಲಲ್ಲಿ ಬರುವಳೆಂಬ ಭಯದಿಂದಲೇ ಓದನ್ನು ಬಿಡಿಸಿದ ಮನೆಗಳನ್ನು ನಾವು ಬಲ್ಲೆವು. ಅಂಥಲ್ಲಿ ಹದಿನೈದು ನಿಮಿಷದ ಹಿಂದುಮುಂದು ಎಂಬುದು ಒಂದು ಬಾಳಿನ ಹಿಂದುಮುಂದೇ ಆಗಬಹುದು.

ಆದುದರಿಂದ ಹೊಸ ವೇಳಾಪತ್ರಿಕೆಯು ಮುಂದೆ ಬಂದಾಗ ಗೃಹಸ್ಥರು ಐದು ಪ್ರಶ್ನೆಗಳನ್ನು ಕೇಳಲಿ. ಬಹುದೂರದಿಂದ ಬರುವ ಮಗುವು ಮೊದಲ ಗಂಟೆಗೆ ಬಂದು ಕೊನೆಯ ಗಂಟೆಯ ವರೆಗೆ ಇರಬಲ್ಲುದೆ? ಆಟಕ್ಕೂ ಕಲೆಗೂ ಉಳಿದುದೆಷ್ಟು? ಊಟದ ಮೇಲಿನ ಹೊತ್ತಿಗೆ ಯಾವ ಪಾಠ? ಒಳ್ಳೆಯ ಹೊತ್ತು ಎಲ್ಲ ತರಗತಿಗಳಿಗೂ ಸರದಿಯಿಂದ ಬರುವುದೆ? ಮಗುವಿನ ನಿದ್ರೆಗೆ ಎಂಟು ಗಂಟೆಗಳಾದರೂ ಮಿಗುವುವೆ? ಈ ಐದಕ್ಕೂ ಸಮಾಧಾನವಾದ ಉತ್ತರವನ್ನು ಕೊಡುವ ಪತ್ರಿಕೆಯು ೪೦ ನಿಮಿಷದ್ದಾದರೂ ಆಗಲಿ, ೪೫ರದ್ದಾದರೂ ಆಗಲಿ, ಅದು ಒಳ್ಳೆಯದೇ. ಒಂದಕ್ಕೆ ಉತ್ತರವು ದೊರೆಯದಿದ್ದರೆ ಅಂದೇ ಜಗಳವಾಡಬೇಕಾದುದಿಲ್ಲ; ಅರ್ಧವರ್ಷ ನಡೆಸಿ ನೋಡಿ, ದಸರೆಯ ತರುವಾಯ ಮತ್ತೆ ಸೇರಿ ತಿದ್ದಬಹುದು. ಈ ಸಾರಿ ಶಾಲೆಯಿಂದ ಸಭೆಯ ಕರೆಯೋಲೆ ಬಂದಾಗ, ಕೆಲಸವಿದೆಯೆಂದು ತಪ್ಪಿಸಿಕೊಳ್ಳದೆ, ಮನೆಯಿಂದ ಒಬ್ಬರಾದರೂ ಹೋಗಿ ಕುಳಿತುಕೊಳ್ಳಿರೆಂದು ನಮ್ಮ ಪ್ರಾರ್ಥನೆ.